ಬಸ್ಸಿನ ಗಾಜಿನ ಮನೆ

ಮಾಯ್ತೆನ್ ಕಣಿವೆ
12 ನವೆಂಬರ್ 1992

ನೆಲಿದಾ ಅವರಿಗೆ,

ನಮಸ್ಕಾರ. ನಾನು ಗ್ರಿಸೆಲ್ದಾ. ನಮ್ಮಿಬ್ಬರಿಗೂ ಅಪ್ಪ ಒಬ್ಬರೇ, ಆದರೂ ಇಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಒಂದು ಸಾಲು ಬರೆದವರಲ್ಲ. ತಪ್ಪು ಯಾರದೆಂದು ಹುಡುಕುತ್ತ ಕೂತರೆ ಇಬ್ಬರ ಅಮ್ಮಂದಿರನ್ನೂ ಗೋರಿಯಿಂದ ಎಬ್ಬಿಸಬೇಕಾಗುತ್ತದೆ. ಅದು ಬೇಡ.

ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯಲಾರೆ. ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಊಟ ಮಾಡುತ್ತಾರೆ, ಮಾಟೆ ಕಷಾಯ ಹೀರುತ್ತಾರೆ, ಸಿಟ್ಟು ಬಂದರೆ ಎಡಗೈಯಲ್ಲಿ ಕೋಲು ಎಸೆಯುತ್ತಾರೆ. ರಸ್ತೆ ಪಕ್ಕದ ಹಳೆಯ ಮನೆ ನಿಮಗೆ ನೆನಪಿರಬೇಕು: ಹೊಗೆ ಹಿಡಿದ ಗೋಡೆ, ಅಂಗೈಯಗಲದ ಎರಡು ಕಿಟಕಿ. ಅವರು ಇಡೀ ದಿನ ಆ ಕತ್ತಲಲ್ಲಿ ಕೂತಿರುವುದನ್ನು ನೋಡಿ ನನಗೆ ಸಾಕಾಗಿದೆ. ಅದಕ್ಕೇ ಹೊಸ ಮನೆ ಕಟ್ಟುತ್ತಿದ್ದೇನೆ. ಪಾಪ್ಲರ್ ಮರಗಳ ಸಾಲಿನಿಂದ ಮೇಲಕ್ಕೆ, ತೊರೆಯ ಪಕ್ಕದ ಆಲೂಗಡ್ಡೆ ಹೊಲದಲ್ಲಿ, ಕರಿಗುಡ್ಡದ ಬುಡಕ್ಕೆ. ಅಷ್ಟು ಒಳ್ಳೆಯ ಜಾಗ ಬಿಟ್ಟು ಅಪ್ಪ ರಸ್ತೆಯ ಧೂಳಿನಲ್ಲಿ ಯಾಕೆ ಮನೆ ಕಟ್ಟಿದರೋ!

ಸಿಮೆಂಟಿಲ್ಲದ ಮನೆ ಇದು. ಹಸಿಮಣ್ಣಿನ ಇಟ್ಟಿಗೆ, ಒಣಹುಲ್ಲಿನ ಹೊರೆ, ಚಾವಣಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸುವುದು. ಉತ್ತರದ ಗೋಡೆ ಮಾತ್ರ ನೆಲದಿಂದ ಸೂರಿನವರೆಗೆ ಗಾಜು. ಭೂಮಿಯ ಈ ದಕ್ಷಿಣದ ಭಾಗದಲ್ಲಿ ಚಳಿಗಾಲ ಜೂನ್‌ನಲ್ಲಿ; ಆಗ ಉತ್ತರದ ಸೂರ್ಯ ಒಳಗೆ ಬಂದು ಕರಿಕಲ್ಲಿನ ನೆಲವನ್ನು ಹಗಲೆಲ್ಲ ಕಾಯಿಸಬೇಕು, ನೆಲ ಆ ಶಾಖವನ್ನು ಇರುಳೆಲ್ಲ ಮನೆಗೆ ಬಿಡಬೇಕು. ರೊಸಾರಿಯೊ ನಗರದಲ್ಲಿ ಎರಡು ವರ್ಷ ವಾಸ್ತುಶಿಲ್ಪ ಓದಿ ಅರ್ಧಕ್ಕೆ ಬಿಟ್ಟವಳು ನಾನು. ಓದಿದ್ದರಲ್ಲಿ ಇದೊಂದು ತಲೆಯಲ್ಲಿ ಉಳಿಯಿತು.

ಇಟ್ಟಿಗೆ ಮಣ್ಣಿನ ಹದ ಮಾತ್ರ ಸಿಗುತ್ತಿಲ್ಲ. ಒಣಗಿದ ಮೇಲೆ ಬಿರುಕು ಬಿಡುತ್ತಿದೆ. ಅಪ್ಪನ ಜೊತೆ ಮಣ್ಣು ತುಳಿದವರು ನೀವು. ಹೇಳಿಕೊಡುತ್ತೀರಾ?

ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
30 ನವೆಂಬರ್ 1992

ಗ್ರಿಸೆಲ್ದಾ,

ಮಣ್ಣು ನಾಲ್ಕು ಬುಟ್ಟಿ, ತೊರೆಯ ಮರಳು ಎರಡು, ಗೋಧಿಹುಲ್ಲು ಒಂದು. ಹುಲ್ಲನ್ನು ಬೆರಳುದ್ದ ಕತ್ತರಿಸು. ನೀರು ಹಾಕಿ ಮೂರು ದಿನ ಕೊಳೆಯಲು ಬಿಡು, ಆಮೇಲೆ ತುಳಿ. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಇಟ್ಟಿದ್ದೀಯ, ಅದಕ್ಕೇ ಬಿರುಕು. ಮೊದಲ ಎರಡು ದಿನ ಹುಲ್ಲು ಮುಚ್ಚು.

ಮಣ್ಣು ತುಳಿದವಳು ನಾನು, ನಿಜ. ಏಳನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ತುಳಿದೆ. ಹದಿನಾರರಲ್ಲಿ ಒಂದು ದಿನ, ಒಂದೇ ಒಂದು ವರಸೆ ಇಟ್ಟಿಗೆ ನಾನು ಜೋಡಿಸುತ್ತೇನೆ ಅಂದೆ. "ಗೋಡೆ ಕಟ್ಟೋದು ಗಂಡಸ್ರ ಕೆಲಸ ಕಣೇ. ನೀನು ಕಾಲಾಡ್ಸು ಸಾಕು," ಅಂದರು. ಈಗ ನೀನು ಗೋಡೆ ಕಟ್ಟುವುದನ್ನು ಕುರ್ಚಿ ಹಾಕಿಸಿಕೊಂಡು ನೋಡುತ್ತಾರೇನು? ನೋಡಲಿ. ಮಾತು ಹೋದ ಮೇಲೆ ಬುದ್ಧಿ ಬಂದಿರಬಹುದು.

ಹೊಲ ನಿನ್ನ ಹೆಸರಿಗೆ ಆಗಿದ್ದು ನನಗೆ ಗೊತ್ತು. ಹೆಬ್ಬೆಟ್ಟು ಒತ್ತಲು ಎಡಗೈ ಸಾಕಲ್ಲ. ಅವರು ಮಲಗಿದಾಗ ನಾನು ಬರಲಿಲ್ಲ, ಅದನ್ನು ನೀನು ಎತ್ತಿ ಆಡಲಿಲ್ಲ. ದೊಡ್ಡ ಮನಸ್ಸು ನಿನ್ನದು. ನಾನಿರುವುದು ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ. ದುಡಿಯುವುದು ಮೀನು ಸೀಳುವ ಕಾರ್ಖಾನೆಯಲ್ಲಿ, ಅಲ್ಲಿ ಕಿಟಕಿಯೇ ಇಲ್ಲ. ಬೆಳಕಿನ ಮನೆಯ ಕಥೆ ಓದಲಿಕ್ಕೆ ಚೆನ್ನಾಗಿದೆ.

ನೆಲಿದಾ

*

ಮಾಯ್ತೆನ್ ಕಣಿವೆ
20 ಡಿಸೆಂಬರ್ 1992

ನೆಲಿದಾ ಅಕ್ಕ,

ಅಕ್ಕ ಅನ್ನಬಹುದಲ್ಲ? "ನೀವು" ಅನ್ನುವುದನ್ನೂ ಇಲ್ಲಿಗೆ ಬಿಡುತ್ತೇನೆ. ನೀನು ಹೇಳಿದ ಹಾಗೆ ಮಾಡಿದೆ, ಇನ್ನೂರು ಇಟ್ಟಿಗೆಯಲ್ಲಿ ನಾಲ್ಕೇ ಒಡೆದದ್ದು! ಅಪ್ಪನಿಗೆ ಒಂದು ತೋರಿಸಿ "ಇದು ನೆಲಿದಾ ಹೇಳಿದ ಹದ," ಅಂದೆ. ಉಗುರಿನಿಂದ ಕೆರೆದು ನೋಡಿದರು, ಅಷ್ಟೆ.

ಗಾಜು ಸಿಕ್ಕಿತು. ಪಟ್ಟಣದಲ್ಲಿ ಗುಜರಿಗೆ ಹಾಕಿದ ಐದು ಬಸ್ಸು ತುಕ್ಕು ಹಿಡಿಯುತ್ತಿದ್ದವು. ಅವುಗಳ ಕಿಟಕಿ, ಮುಂದಿನ ದೊಡ್ಡ ಗಾಜು ಎಲ್ಲ ಬಿಚ್ಚಿ ಗಾಡಿಯಲ್ಲಿ ತಂದೆ. ಒಂದರ ಮೇಲೆ "ಚಾಲಕರೊಂದಿಗೆ ಮಾತನಾಡಬೇಡಿ" ಎಂಬ ಚೀಟಿ ಇನ್ನೂ ಇದೆ. ಅದನ್ನು ಅಪ್ಪನ ಕುರ್ಚಿಯ ಮುಂದೆಯೇ ಕೂರಿಸುತ್ತೇನೆ.

ಅಳತೆಯನ್ನೂ ಹುಡುಗಾಟಕ್ಕೆ ಬಿಟ್ಟಿಲ್ಲ. ಗೂಟ ನೆಟ್ಟು ದಿನಾ ಮಧ್ಯಾಹ್ನ ನೆರಳಿನ ತುದಿಗೆ ಸುಣ್ಣದ ಗೆರೆ ಎಳೆಯುತ್ತೇನೆ. ಈಗ ಬಿಸಿಲು ಗಾಜು ಕೂರುವ ಗೆರೆ ದಾಟಿ ಒಂದು ಗೇಣು ಬರುತ್ತದೆ. ಜೂನ್‌ನಲ್ಲಿ ಸೂರ್ಯ ಕೆಳಗಿಳಿಯುವುದರಿಂದ ಹಿಂದಿನ ಗೋಡೆಯವರೆಗೂ ಬರಬೇಕು, ಲೆಕ್ಕ ಹಾಕಿದ್ದೇನೆ. ಅಪ್ಪನ ಮಂಚ ಅಲ್ಲೇ. ದೊಡ್ಡ ಒಲೆಯೇ ಬೇಕಾಗಲಿಕ್ಕಿಲ್ಲ.

ಅಪ್ಪ ದಿನಾ ಬಂದು ಕೂರುತ್ತಾರೆ. ಕೋಲೆತ್ತಿ ಕರಿಗುಡ್ಡದ ಕಡೆ ತೋರಿಸಿ ತೋರಿಸಿ ಏನೋ ಕೂಗುತ್ತಾರೆ, ಕಣ್ಣಲ್ಲಿ ನೀರು ಬರುವವರೆಗೆ. ಆ ಗುಡ್ಡ ಎಂದರೆ ಅವರಿಗೆ ಎಷ್ಟು ಪ್ರೀತಿ! ಅದಕ್ಕೇ ಗಾಜನ್ನು ಇನ್ನೂ ಎರಡು ಮಾರು ಅಗಲ ಮಾಡಿದೆ, ಮಲಗಿದಲ್ಲಿಂದಲೇ ಗುಡ್ಡ ಪೂರ್ತಿ ಕಾಣಲಿ ಎಂದು.

ನಿನ್ನ ತಂಗಿ,
ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
3 ಜನವರಿ 1993

ಗ್ರಿಸೆಲ್ದಾ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆ ಗುಡ್ಡದ ಮೇಲೆ ಅವರಿಗೆ ಪ್ರೀತಿಯಿಲ್ಲ, ದಡ್ಡಿ. ಅವರು ಬೇಡ ಅನ್ನುತ್ತಿದ್ದಾರೆ. ಮೇ ಕೊನೆಗೆ ಸೂರ್ಯ ಕರಿಗುಡ್ಡದ ಹಿಂದೆ ಹೋದರೆ ಜುಲೈ ಇಪ್ಪತ್ತರವರೆಗೆ ಆ ಹೊಲಕ್ಕೆ ಒಂದು ಕಿರಣವೂ ಬೀಳುವುದಿಲ್ಲ. ಗುಡ್ಡದ ನೆರಳು ಪಾಪ್ಲರ್ ಸಾಲಿನವರೆಗೆ ಬಂದು ನಿಲ್ಲುತ್ತದೆ, ಸಾಲಿನಿಂದ ಈಚೆಗೆ ಬಿಸಿಲು. ಅದಕ್ಕೇ ಅಪ್ಪ ಮನೆಯನ್ನು ಧೂಳಿನ ರಸ್ತೆಗೆ ಅಂಟಿಸಿ ಕಟ್ಟಿದ್ದು. ಬೇಸಿಗೆಯಲ್ಲಿ ಗೂಟ ನೆಟ್ಟು ಗೆರೆ ಎಳೆದರೆ ಗುಡ್ಡ ಲೆಕ್ಕಕ್ಕೆ ಎಲ್ಲಿ ಸಿಗುತ್ತದೆ? ರೊಸಾರಿಯೊದ ಬಯಲಲ್ಲಿ ಹುಟ್ಟಿದವಳಿಗೆ ಗುಡ್ಡವೆಂದರೆ ನೋಡುವ ವಸ್ತು. ಅದು ಸೂರ್ಯನನ್ನು ನುಂಗುತ್ತದೆಂದು ಪುಸ್ತಕದಲ್ಲಿ ಬರೆದಿಲ್ಲವೇನೋ.

ಒಂದು ಸಾಲು ಬರೆದರೆ ಮುಗಿಯುತ್ತದೆ: ಮನೆಯನ್ನು ಪಾಪ್ಲರಿನ ಈಚೆಗೆ ಕಟ್ಟು. ಪೆನ್ನು ಆ ಸಾಲಿಗೆ ಬಂದು ನಿಲ್ಲುತ್ತದೆ.

ಹೊಟ್ಟೆಕಿಚ್ಚು. ಇನ್ನೇನು ಹೆಸರಿಡಲಿ ಇದಕ್ಕೆ? ನಾನು ಹನ್ನೆರಡು ವರ್ಷ ಮಂಡಿಯವರೆಗೆ ಕೆಸರಲ್ಲಿ ನಿಂತೆ, ನನ್ನ ಅವ್ವ ಆ ಹೊಲದಲ್ಲಿ ಆಲೂಗಡ್ಡೆ ಅಗೆದು ಬೆನ್ನು ಮುರಿದುಕೊಂಡಳು. ನಿನ್ನ ಅಮ್ಮ ಶಾಲೆ ಕಲಿಸಲು ಬಂದವಳು ಅಪ್ಪನನ್ನು ವರ್ಷಕ್ಕೆ ನಾಲ್ಕು ತಿಂಗಳು ರೊಸಾರಿಯೊಗೆ ಒಯ್ದಳು. ಈಗ ನೀನು ಹೊಲ ತೆಗೆದುಕೊಂಡೆ, ಅಪ್ಪನನ್ನು ತೆಗೆದುಕೊಂಡೆ, ನನ್ನ ಮಣ್ಣಿನ ಹದವನ್ನೂ ತೆಗೆದುಕೊಂಡೆ. ನಿನ್ನ ಗೋಡೆಯನ್ನು ಅವರು ಕೂತು ನೋಡುತ್ತಾರೆ. ಒಂದು ಚಳಿಗಾಲ ನೀನೂ ಕತ್ತಲಲ್ಲಿ ಕೂತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಸ್ವಲ್ಪ ಸೊಕ್ಕು ಮುರಿಯುತ್ತದೆ, ಅಷ್ಟೆ.

ಅಪ್ಪನೂ ಅದೇ ಮನೆಯಲ್ಲಿ ಇರುತ್ತಾರೆ ಎಂದು ನನಗೆ ಗೊತ್ತಿದೆ. ಅದನ್ನು ಯೋಚಿಸದ ಹಾಗೆ ಯೋಚಿಸುತ್ತಿದ್ದೇನೆ.

*

ಪುವೆರ್ತೊ ಮಾದ್ರಿನ್
4 ಜನವರಿ 1993

ಗ್ರಿಸೆಲ್ದಾ,

ಹೊಸ ವರ್ಷದ ಶುಭಾಶಯ. ಬಸ್ಸಿನ ಗಾಜಿನ ಉಪಾಯ ಒಳ್ಳೆಯದು. ಸಂದಿಗೆ ಮಣ್ಣಿನ ಜೊತೆ ಕುರಿ ತುಪ್ಪಟ ಸೇರಿಸಿ ಮೆತ್ತು, ಗಾಳಿ ನುಗ್ಗುವುದಿಲ್ಲ. ಅಪ್ಪನಿಗೆ ನಾನು ಕೇಳಿದೆ ಎಂದು ಹೇಳು.

ನೆಲಿದಾ

*

ಮಾಯ್ತೆನ್ ಕಣಿವೆ
25 ಜನವರಿ 1993

ಅಕ್ಕ,

ನಿನ್ನನ್ನು ಒಂದು ವಿಷಯ ಕೇಳಬೇಕು. ಪಕ್ಕದ ಹೊಲದ ಮಿಲ್ಯಾನ್, ಊರವರೆಲ್ಲ ಗೌರವಕ್ಕೆ ಡಾನ್ ಎನ್ನುತ್ತಾರಲ್ಲ ಅವರು, ನಿನ್ನೆ ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋಗುವಾಗ ನಿಂತು ಗೋಡೆ ನೋಡಿದರು. ತಲೆ ಅಲ್ಲಾಡಿಸಿದರು.

"ಇಲ್ಲಿ ಕಟ್ಬೇಡ ಕಣವ್ವ. ಜೂನ್ ಬಂದ್ರೆ ಇಲ್ಲಿ ಬಿಸ್ಲು ಬೀಳಲ್ಲ."

"ಜೂನ್‌ನಲ್ಲೇ ಜಾಸ್ತಿ ಒಳಗೆ ಬರೋದು, ಡಾನ್ ಮಿಲ್ಯಾನ್. ಲೆಕ್ಕ ಹಾಕಿದೀನಿ."

"ಲೆಕ್ಕ ನೀನು ಹಾಕಿದೀಯ. ಗುಡ್ಡಕ್ಕೆ ಹೇಳಿದೀಯಾ?"

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದಿದೆ. ಈಗಲಾದರೆ ಇಟ್ಟಿಗೆ ಬಿಚ್ಚಿ ಕೆಳಗೆ ಸಾಗಿಸಬಹುದು, ಒಂದು ತಿಂಗಳ ಕೆಲಸ. ಅವರು ಚಳಿಗಾಲದಲ್ಲಿ ಮಗಳ ಊರಲ್ಲಿ ಇರುತ್ತಾರಂತೆ, ಹಾಗಾಗಿ ಎಷ್ಟು ನಂಬಬೇಕೋ ತಿಳಿಯದು. ನಾನು ಇಲ್ಲಿ ಕಳೆದ ಮೂರು ಚಳಿಗಾಲವೂ ಹಳೆಯ ಮನೆಯೊಳಗೆ, ಅಪ್ಪನ ಮಂಚದ ಪಕ್ಕ. ಜೂನ್‌ನಲ್ಲಿ ಮೇಲಿನ ಹೊಲಕ್ಕೆ ಕಾಲಿಟ್ಟವಳಲ್ಲ. ನೀನು ಇಲ್ಲೇ ಹುಟ್ಟಿ ಬೆಳೆದವಳು. ನೀನು ಹೇಳಿದ ಹಾಗೆ ಮಾಡುತ್ತೇನೆ. ಬೇಗ ಬರೆ.

ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
10 ಫೆಬ್ರವರಿ 1993

ಗ್ರಿಸೆಲ್ದಾ,

ಡಾನ್ ಮಿಲ್ಯಾನನಿಗೆ ಆ ಹೊಲದ ಮೇಲೆ ಮೊದಲಿನಿಂದಲೂ ಕಣ್ಣು. ತೊರೆಯ ನೀರು ಕುರಿಗಳಿಗೆ ಬೇಕಲ್ಲ. ನಾನು ಚಿಕ್ಕವಳಿದ್ದಾಗಲೂ ಅಪ್ಪನಿಗೂ ಅವನಿಗೂ ಅದೇ ಜಗಳ.

ಓದಿದವಳು ನೀನು. ಲೆಕ್ಕ ಹಾಕಿದವಳು ನೀನು. ನಿನ್ನ ಲೆಕ್ಕದ ಮೇಲೆ ನಿನಗೆ ನಂಬಿಕೆಯಿದ್ದರೆ ಮಣ್ಣು ತುಳಿದವಳನ್ನು ಯಾಕೆ ಕೇಳುತ್ತೀಯ? ಕಟ್ಟು.

ನೆಲಿದಾ

*

ಮಾಯ್ತೆನ್ ಕಣಿವೆ
18 ಏಪ್ರಿಲ್ 1993

ಅಕ್ಕ,

ಮುಗಿಯಿತು! ನಿನ್ನ "ಕಟ್ಟು" ಎಂಬ ಒಂದು ಮಾತು ಬಂದ ದಿನದಿಂದ ನಾನು ಹಿಂದೆ ತಿರುಗಿ ನೋಡಲಿಲ್ಲ. ನೀನು ಚುಚ್ಚಿ ಬರೆಯುವವಳು, ಆದರೆ ಸುಳ್ಳು ಬರೆಯುವವಳಲ್ಲ ಎಂದು ನನಗೆ ಗೊತ್ತಾಗಿದೆ.

ಕಳೆದ ಭಾನುವಾರ ಗೃಹಪ್ರವೇಶವಾಯಿತು. ಕುರಿ ಸುಟ್ಟೆವು, ಊರೆಲ್ಲ ಬಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲು ಹದಿನಾರು ಗಾಜಿನಿಂದ ಒಳಗೆ ಬಂದು ಅಪ್ಪನ ಮಡಿಲವರೆಗೆ ಹರಡಿತು. ಹೆಂಗಸರೆಲ್ಲ ಚಪ್ಪಲಿ ಬಿಚ್ಚಿ ಬೆಚ್ಚಗಿನ ಕಲ್ಲಿನ ಮೇಲೆ ನಡೆದು ನೋಡಿದರು. ಪಟ್ಟಣದ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದ. ನನ್ನದು, ಅಪ್ಪನದು. ಪತ್ರಿಕೆಯಿಂದ ಕತ್ತರಿಸಿ ಇದರಲ್ಲಿ ಇಟ್ಟಿದ್ದೇನೆ. ಅಪ್ಪ ಮಾತ್ರ ನಗಲಿಲ್ಲ. ವಯಸ್ಸಾದವರಿಗೆ ಹೊಸ ಮನೆ ಒಗ್ಗಲು ಸಮಯ ಬೇಕು.

ಹಳೆಯ ಮನೆಯ ತೊಲೆಗಳನ್ನು ಚಾವಣಿಗೆ ಬಳಸಿದೆ, ಗೋಡೆಯ ಮಣ್ಣನ್ನು ಹೊಸ ಗೋಡೆಗೆ ಮೆತ್ತಿದೆ. ಏನೂ ವ್ಯರ್ಥವಾಗಲಿಲ್ಲ. ಕಬ್ಬಿಣದ ದೊಡ್ಡ ಒಲೆಯನ್ನು ಶಾಲೆಗೆ ಕೊಟ್ಟೆ.

ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
5 ಮೇ 1993

ಗ್ರಿಸೆಲ್ದಾ,

ಫೋಟೋ ನೋಡಿದೆ. ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದೀಯ. ಅವರ ಜೊತೆ ನನ್ನದೊಂದೂ ಫೋಟೋ ಇಲ್ಲ.

ಹಳೆಯ ಮನೆ ಕೆಡವುತ್ತೀಯ ಎಂದು ನೀನು ಮೊದಲೇ ಬರೆದಿರಲಿಲ್ಲ. ಒಲೆ ವಾಪಸ್ಸು ತಾ. ಸೌದೆ ಕೂಡಿಸು, ನಿನಗೆ ಸಾಕು ಅನ್ನಿಸುವುದರ ಎರಡರಷ್ಟು. ಯಾಕೆ ಎಂದು ಕೇಳಬೇಡ. ಮುದುಕರಿರುವ ಮನೆ.

ನೆಲಿದಾ

*

ಮಾಯ್ತೆನ್ ಕಣಿವೆ
17 ಜೂನ್ 1993

ನೆಲಿದಾ ಅವರಿಗೆ,

ನಿಮ್ಮ ಮೇ ತಿಂಗಳ ಪತ್ರ ನಿನ್ನೆ ತಲುಪಿತು. ಹಿಮ ಬಿದ್ದು ಐದು ವಾರ ಅಂಚೆಯ ಬಸ್ಸು ಬಂದಿರಲಿಲ್ಲ.

ಮೇ 23ರಂದು ಬಿಸಿಲು ಮಧ್ಯಾಹ್ನ ಇಪ್ಪತ್ತು ನಿಮಿಷ ಇತ್ತು. ಮಾರನೆಯ ದಿನ ಒಂಬತ್ತು ನಿಮಿಷ. 26ಕ್ಕೆ ಸೂರ್ಯ ಗುಡ್ಡದ ಹಿಂದೆಯೇ ಈ ತುದಿಯಿಂದ ಆ ತುದಿಗೆ ಹೋದ, ಅಂಚಿನ ಹೊಳಪು ಮಾತ್ರ ಕಂಡಿತು. ನಾನು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಇನ್ನೇನು ಬರುತ್ತದೆ ಎಂದು ಕಾಯುತ್ತ ಕೂತೆ. ಒಂದು ವಾರ ಕಾದೆ. ಗಾಜಿನ ಒಳಮೈಗೆ ಮಂಜು ಕಟ್ಟಿತು. ಕರಿಕಲ್ಲಿನ ನೆಲ ಹಗಲೆಲ್ಲ ಚಳಿಯನ್ನೇ ಕುಡಿದು ಇರುಳೆಲ್ಲ ಚಳಿಯನ್ನೇ ಬಿಟ್ಟಿತು. ಚಿಕ್ಕ ಒಲೆಗೆ ಅಡುಗೆಮನೆಯೂ ಬೆಚ್ಚಗಾಗಲಿಲ್ಲ. ಜೂನ್ ಐದಕ್ಕೆ ಅಪ್ಪನಿಗೆ ಎದೆ ಕಟ್ಟಿತು. ಎತ್ತಿನ ಗಾಡಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯ. ಹತ್ತು ದಿನ. ಈಗ ಉಸಿರು ಇದೆ. ಡಾನ್ ಮಿಲ್ಯಾನ್ ಸುದ್ದಿ ಕೇಳಿ ಮಗಳ ಊರಿಂದ ವಾಪಸ್ಸು ಬಂದು ತಮ್ಮ ಅಡುಗೆಮನೆಯಲ್ಲಿ ಅಪ್ಪನಿಗೆ ಜಾಗ ಕೊಟ್ಟಿದ್ದಾರೆ.

"ನಮ್ಮಕ್ಕ ಕಟ್ಟು ಅಂದ್ಲು," ಅಂದೆ ಅವರಿಗೆ.

"ನೆಲಿದಾನಾ? ಆ ನೆರಳಲ್ಲೇ ಬೆಳೆದೋಳು ಅವ್ಳು. ಅವ್ಳಿಗೆ ಗೊತ್ತಿಲ್ದೆ ಇರುತ್ತಾ?" ಅಂದರು. ಆಮೇಲೆ ನನ್ನ ಮುಖ ನೋಡಿ ಒಲೆಗೆ ಸೌದೆ ಹಾಕಲು ಎದ್ದರು.

ನಾನು ಕೇಳುವುದು ಒಂದೇ. ಗೊತ್ತಿತ್ತಾ?

ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
24 ಜೂನ್ 1993

ಗ್ರಿಸೆಲ್ದಾ,

ಗೊತ್ತಿತ್ತು.

ಜನವರಿಯಲ್ಲಿ ಬರೆದು ಕಳಿಸದೆ ಇಟ್ಟ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಅದಕ್ಕಿಂತ ಕೆಟ್ಟದ್ದನ್ನು ನಾನು ಹೊಸದಾಗಿ ಬರೆಯಲಾರೆ. ಫೆಬ್ರವರಿಯ ಪತ್ರದಲ್ಲಿ ಒಂದೂ ಸುಳ್ಳಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾನ್ ಮಿಲ್ಯಾನನಿಗೆ ಹೊಲ ಬೇಕಾಗಿತ್ತು ನಿಜ, ನೀನು ಓದಿದವಳು ನಿಜ. ನಿಜಗಳನ್ನೇ ಜೋಡಿಸಿ ನಿನ್ನ ಕಣ್ಣಿಗೆ ಮಣ್ಣೆರಚಿದೆ. ಮೇ ತಿಂಗಳಲ್ಲಿ ಹೆದರಿಕೆಯಾಯಿತು. ಆಗಲೂ ಒಲೆ ಎಂದೆ, ಸೌದೆ ಎಂದೆ, ಗುಡ್ಡ ಅನ್ನಲಿಲ್ಲ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ.

ಕೆಲಸದ ಮಾತು ಹೇಳುತ್ತೇನೆ. ಶಾಲೆಯವರ ಕಾಲು ಹಿಡಿದಾದರೂ ಒಲೆ ತಾ. ಗಾಜಿಗೆ ಇರುಳು ಕಂಬಳಿ ಕಟ್ಟು. ಇನ್ನೊಂದು: ರಸ್ತೆಯಾಚೆಯ ದಿಬ್ಬದ ಮೇಲೆ ಚಳಿಗಾಲವಿಡೀ ಬಿಸಿಲಿರುತ್ತದೆ. ಚಿಕ್ಕಂದಿನಲ್ಲಿ ಅಲ್ಲಿ ಮೇಕೆ ಕಾಯುವಾಗ ನಾನು ಡಬ್ಬದ ಮುಚ್ಚಳ ಹಿಡಿದು ಹೊಲದ ನೆರಳಲ್ಲಿರುವ ಅವ್ವನ ಮುಖಕ್ಕೆ ಬಿಸಿಲು ಬಿಡುತ್ತಿದ್ದೆ. "ಕಣ್ಣು ಹೋಗ್ತದೆ ಬಿಡೇ ಮುಂಡೇದೆ," ಎಂದು ಬೈಯುತ್ತಿದ್ದಳು, ಆದರೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನನ್ನ ಬೀರುವಿನ ಬಾಗಿಲ ಕನ್ನಡಿಗಳೆರಡನ್ನೂ ಕಳಚಿ, ಕಂಬಳಿಯಲ್ಲಿ ಸುತ್ತಿ ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ದಿಬ್ಬದ ಮೇಲೆ ನಿಲ್ಲಿಸಿ ನಿನ್ನ ಅಡುಗೆಮನೆಯ ಬಾಗಿಲಿಗೆ ಗುರಿಯಿಡು. ಶಾಖ ಬರುವುದಿಲ್ಲ. ಬೆಳಕು ಬರುತ್ತದೆ.

ನೆಲಿದಾ

*

ಮಾಯ್ತೆನ್ ಕಣಿವೆ
9 ಜುಲೈ 1993

ನೆಲಿದಾ ಅವರಿಗೆ,

ನಿಮ್ಮ ಜನವರಿಯ ಪತ್ರವನ್ನು ಓದಿದೆ. ಒಂದು ವಾರ ನಿಮ್ಮ ಕನ್ನಡಿಗಳನ್ನು ಬಸ್ ನಿಲ್ದಾಣದಲ್ಲೇ ಬಿಟ್ಟಿದ್ದೆ. ಒಡೆದು ಹೋಗಲಿ ಅನ್ನಿಸಿತ್ತು.

ಒಲೆ ಬಂದ ಮೇಲೆ ಅಪ್ಪನನ್ನು ಮನೆಗೆ ಕರೆತಂದು ಅಡುಗೆಮನೆಯಲ್ಲೇ ಮಲಗಿಸಿದೆ. ಅವರು ಗೋಡೆಗೆ ಮುಖ ಮಾಡಿ ಮಲಗಿದವರು ತಿರುಗಲಿಲ್ಲ. ಚಮಚ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುತ್ತಿದ್ದರು. ಮೂರು ದಿನ ಹೀಗೆ. ನಾಲ್ಕನೆಯ ದಿನ ಹೋಗಿ ಕನ್ನಡಿ ತಂದೆ. ನಿಮಗಾಗಿ ಅಲ್ಲ.

ದಿಬ್ಬದ ಮೇಲೆ ನಾನು, ಅಡುಗೆಮನೆಯ ಬಾಗಿಲಲ್ಲಿ ಡಾನ್ ಮಿಲ್ಯಾನ್. ಅಲ್ಲಿಂದ ಅವರ ಕೂಗು.

"ಎಡಕ್ಕವ್ವ! ಇನ್ನೂ ಎಡಕ್ಕೆ! ಅದು ನನ್ ಮೂತಿ! ಕೆಳಗೆ, ಕೆಳಗೆ... ಕೋಳಿಗೂಡಿಗೆ ಯಾಕವ್ವ ಬಿಸ್ಲು? ಹಾಂ! ಅಲ್ಲಾಡ್ಬೇಡ!"

ಅಲ್ಲಾಡಲಿಲ್ಲ. ಕೈ ಮರಗಟ್ಟಿತು. ಸೂರ್ಯ ಸರಿದ ಹಾಗೆ ಕೂದಲೆಳೆಯಷ್ಟು ತಿರುಗಿಸುತ್ತ ನಲವತ್ತು ನಿಮಿಷ ನಿಂತೆ. ಕೆಳಗಿಳಿದು ಬಂದಾಗ ಅಪ್ಪ ಈಚೆಗೆ ತಿರುಗಿದ್ದರು. ಎರಡು ಬಟ್ಟಲು ಸಾರು ಕುಡಿದಿದ್ದರಂತೆ.

ನನ್ನನ್ನು ನೋಡಿದರು. ಯಾರದು ಈ ಉಪಾಯ ಎಂದು ಹುಬ್ಬಿನಲ್ಲೇ ಕೇಳಿದರು. ನೆಲಿದಾದು, ಅಂದೆ. ಅವರು ಎಡಗೈಯಿಂದ ಪಕ್ಕದ ಗೋಡೆಯನ್ನು ಮೂರು ಸಲ ತಟ್ಟಿದರು. ನನಗೆ ಅರ್ಥವಾಗಲಿಲ್ಲ. ಡಾನ್ ಮಿಲ್ಯಾನ್ ಹೇಳಿದರು, "ಮೇಸ್ತ್ರಿ ಆಗಿದ್ದಾಗ ಆಳುಗಳು ಕಟ್ಟಿದ ಗೋಡೆ ನೆಟ್ಟಗೆ ಬಂದ್ರೆ ಹಂಗೇ ಮೂರು ಸಲ ತಟ್ಟೋನು. ಬಾಯಲ್ಲಿ ಒಂದು ದಿನ ಚೆನ್ನಾಗಿದೆ ಅಂದೋನಲ್ಲ."

ಮನೆ ಎಲ್ಲಿ ಕಟ್ಟಬೇಕು ಎಂದು ನಿಮ್ಮನ್ನು ಕೇಳಿದ್ದೆ, ನೀವು ಏನು ಬರೆದಿರಿ ಎಂಬುದು ಅವರಿಗೆ ಗೊತ್ತಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಗ್ರಿಸೆಲ್ದಾ

*

ಪುವೆರ್ತೊ ಮಾದ್ರಿನ್
15 ಜುಲೈ 1993

ಗ್ರಿಸೆಲ್ದಾ,

ಮೂರು ಸಲ ತಟ್ಟಿದರು ಎಂಬ ಸಾಲನ್ನು ಕಾರ್ಖಾನೆಗೆ ಒಯ್ದು ಮೀನಿನ ಮೇಜಿನ ಮುಂದೆಯೂ ಓದಿದೆ. ಆ ತಟ್ಟುವಿಕೆ ನನಗೆ ಗೊತ್ತು. ಎಷ್ಟೋ ಗಂಡಸರ ಗೋಡೆಗೆ ಅದು ಬಿದ್ದದ್ದನ್ನು ಕೆಸರಲ್ಲಿ ನಿಂತು ನೋಡಿದವಳು ನಾನು. ಎರಡು ದಿನ ಸಂತೋಷವಾಗಿಯೇ ಇದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಮೂರನೆಯ ದಿನ ಓದಲು ತೆಗೆದ ಪತ್ರವನ್ನು ಓದದೆ ಮಡಚಿಟ್ಟೆ.

ಚಳಿಯಲ್ಲಿ ಕನ್ನಡಿ ಹಿಡಿದು ನಿಂತವಳು ನೀನು. ಅವರು ಕೇಳಿದಾಗ ನಂದೇ ಉಪಾಯ ಅನ್ನಬಹುದಿತ್ತು, ಯಾರೂ ಬಂದು ಇಲ್ಲ ಅನ್ನುತ್ತಿರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹಾಗೇ ಅನ್ನುತ್ತಿದ್ದೆ.

ಮುಂದಿನ ವಾರ, ಶನಿವಾರದ ಬಸ್ಸಿಗೆ ಬರುತ್ತೇನೆ. ಅವರ ಮಂಚದ ಪಕ್ಕ ಕೂತು ಎಲ್ಲವನ್ನೂ ನನ್ನ ಬಾಯಿಂದಲೇ ಹೇಳುತ್ತೇನೆ. ನೀನೂ ಕೋಣೆಯಲ್ಲಿರು, ನಾನು ಏನನ್ನಾದರೂ ಬಿಟ್ಟರೆ ಎತ್ತಿ ಹೇಳು. ಕೋಲು ಅವರ ಕೈಗೆ ಸಿಗುವಲ್ಲೇ ಇರಲಿ.

ನೆಲಿದಾ